ಲೂಪುಗಳಿಗೂ ಬೇಕು ಒಬ್ಬ ನೀರಗಂಟಿ

ಬೆಂಗಳೂರಿನ ಅತಿ ದೊಡ್ಡ ಕೆರೆ ಬೆಳ್ಳಂದೂರು, ಎರಡನೆಯದು ವರ್ತೂರು. ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು. ಕೆಳಗಿನದೂ ತುಂಬಿ ಕೋಡಿ ಹರಿದರೆ ದಕ್ಷಿಣ ಪಿನಾಕಿನಿಗೆ. ಇಂಥ ಸರಪಳಿಯ ಬಾಲದಲ್ಲಿರುವ ಊರಿನವರಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆ ಗೊತ್ತಿರುತ್ತದೆ: ಮೇಲಿನವರು ತಮ್ಮ ತೊಂದರೆ ಕಳೆದುಕೊಂಡ ದಿನವೇ ಕೆಳಗಿನವರ ತೊಂದರೆ ಶುರು. 2015ರಲ್ಲಿ ವರ್ತೂರು ಕೋಡಿಯಿಂದ ಎದ್ದು ರಸ್ತೆಗೆ ಹಾರಿದ ನೊರೆಯ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಆ ನೊರೆಯ ಸೋಪು ವರ್ತೂರಿನವರು ಒಗೆದ ಬಟ್ಟೆಯದಷ್ಟೇ ಆಗಿರಲಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯುದ್ದದ ಮನೆಗಳ ಬಚ್ಚಲು ನೀರು ಬೆಳ್ಳಂದೂರನ್ನು ದಾಟಿ ಬಂದು, ಇಲ್ಲಿನ ಕೋಡಿಯಲ್ಲಿ ಧುಮುಕುವಾಗ ಗಾಳಿ ಬೆರೆತು ಉಬ್ಬುತ್ತಿತ್ತು.

ಹಳೇ ಮೈಸೂರು ಸೀಮೆಯ ಕೆರೆಗಳಿಗೆ ಹಿಂದೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಬೆಳಗ್ಗೆ ಏರಿಯ ಮೇಲೆ ನಿಂತು ನೀರಿನ ಮಟ್ಟ ನೋಡುತ್ತಾನೆ. ಯಾರ ಗದ್ದೆಗೆ ಇವತ್ತಿನ ಸರದಿ, ಎಷ್ಟು ಹೊತ್ತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ತೂಬು ಎತ್ತಿ, ಕಾಲುವೆಯ ಗುಂಟ ನಡೆದು, ಕೊನೆಯ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ ನೋಡಿ, ಹಿಂದಿರುಗಿ ಬಂದು ತೂಬನ್ನು ಒಂದಿಷ್ಟು ಸರಿಪಡಿಸುತ್ತಾನೆ. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯವೇ ಅವನ ಸಂಬಳ. ಅಳೆಯುವುದು, ತೀರ್ಮಾನಿಸುವುದು, ಕೈಹಾಕುವುದು, ಪರಿಣಾಮವನ್ನು ಮತ್ತೆ ಅಳೆಯುವುದು. ಇಂಜಿನಿಯರುಗಳು ಕಂಟ್ರೋಲ್ ಲೂಪ್ ಎನ್ನುವುದು ಇದಕ್ಕೇ. ಅಳತೆಯಿಂದ ಹೊರಟ ಸುದ್ದಿ ಕ್ರಿಯೆಯಾಗಿ, ಆ ಕ್ರಿಯೆಯ ಫಲ ಮತ್ತೆ ಅಳತೆಗೆ ಬಂದು ಸೇರಿದರೆ ಸುತ್ತು ಮುಚ್ಚಿತು. ಕೊನೆಯ ಗದ್ದೆಯವರೆಗೆ ನಡೆಯದೆ, ತೂಬು ಎತ್ತಿ ಮನೆಗೆ ಹೋದರೆ ಅದು ತೆರೆದ ಲೂಪು.

ಈ ಸುತ್ತಿನಿಂದ ಮನುಷ್ಯನನ್ನು ತೆಗೆಯಬಹುದು ಎಂದು ನಮ್ಮವರೊಬ್ಬರು ನೂರಿಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆಂದು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳು ನೀರು ಒಂದು ಮಟ್ಟ ಮುಟ್ಟುವವರೆಗೆ ಮುಚ್ಚಿದ್ದು, ಪ್ರವಾಹ ಬಂದಾಗ ತಾವೇ ತೆರೆದುಕೊಂಡು, ಮಟ್ಟ ಇಳಿದ ಮೇಲೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿದಿಡಲು ಇದು ಉಪಾಯ. ಅದೇ ಬಗೆಯ ಗೇಟುಗಳು ಮುಂದೆ ಗ್ವಾಲಿಯರ್‌ನ ತಿಗ್ರಾದಲ್ಲೂ ನಮ್ಮ ಕನ್ನಂಬಾಡಿಯಲ್ಲೂ ಬಂದವು.

ಆದರೆ ನೀರಗಂಟಿಗೆ ಗೊತ್ತಿದ್ದ ಒಂದು ವಿಷಯ ಗೇಟಿಗೆ ಗೊತ್ತಿಲ್ಲ. ಕೆಳಗಿನ ಕೆರೆಯೂ ಈಗ ತುಂಬಿದೆಯೇ? ಅಲ್ಲಿಯ ಏರಿಯಲ್ಲಿ ಬಿರುಕಿದೆಯೇ? ಕಾಲುವೆ ರಿಪೇರಿಗೆ ಜನ ಇಳಿದಿದ್ದಾರೆಯೇ? ಗೇಟು ತನ್ನ ಮುಂದಿನ ನೀರನ್ನಷ್ಟೇ ಬಲ್ಲದು. ಒಂದು ಗೇಟಿದ್ದಾಗ ಇದು ತೊಂದರೆಯಲ್ಲ. ಒಂದರ ಕೆಳಗೊಂದರಂತೆ ಸಾವಿರ ಗೇಟುಗಳಿದ್ದು, ಪ್ರತಿಯೊಂದೂ ತನ್ನ ಪಾಡಿಗೆ ಸರಿಯಾಗಿಯೇ ನಡೆಯುತ್ತಿದ್ದರೆ? ವರ್ತೂರಿನಿಂದ ವೈಟ್‌ಫೀಲ್ಡಿನವರೆಗೆ, ಎಲೆಕ್ಟ್ರಾನಿಕ್ ಸಿಟಿಯವರೆಗೆ ಹರಡಿರುವ ಕಚೇರಿಗಳಲ್ಲಿ ದೂರಸಂಪರ್ಕದ ಸಾಫ್ಟ್‌ವೇರ್ ಬರೆಯುವವರ ತಲೆ ತಿನ್ನುವ ಪ್ರಶ್ನೆ ಇದು. ಒಂದು ಲೂಪನ್ನು ಬರೆಯುವುದು ಕಷ್ಟವಲ್ಲ, ಚುರುಕಾದ ಟ್ರೈನಿ ಇಂಜಿನಿಯರ್ ಒಂದು ವಾರದಲ್ಲಿ ಬರೆದಾನು. ಲೂಪುಗಳ ಹಿಂಡನ್ನು ಸಾಕುವುದು ಕಷ್ಟ.

ಲೈನ್‌ಮನ್ ಹೋದ, ಪ್ರೋಗ್ರಾಂ ಬಂತು

ದೂರವಾಣಿ ಉದ್ಯಮಕ್ಕೂ ಬೆಂಗಳೂರಿಗೂ ನಂಟು ಹಳೆಯದು. ಐಟಿಐ ಕಾರ್ಖಾನೆ ದೂರವಾಣಿನಗರದಲ್ಲಿ ಶುರುವಾದದ್ದು 1948ರಲ್ಲಿ. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿದ್ದು 1984ರಲ್ಲಿ. ಅದು ಹಳ್ಳಿಗಳಿಗೆಂದು ಮಾಡಿದ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜಿನ ಮೊದಲ ಪೆಟ್ಟಿಗೆ 1986ರಲ್ಲಿ ಕೂತದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಏರ್ ಕಂಡೀಷನರ್ ಇಲ್ಲದೆ ಧೂಳು, ಸೆಕೆ ತಡೆದುಕೊಂಡು ನಡೆಯುವಂತೆ ಅದನ್ನು ಕಟ್ಟಿದ್ದರು. ಸಾಮರ್ಥ್ಯ 128 ಲೈನು. ಫೋನು ಸತ್ತರೆ ದೂರು ಬರೆಸಬೇಕು, ಲೈನ್‌ಮನ್ ಬರಬೇಕು, ಕಂಬ ಹತ್ತಬೇಕು. ಆ ಜಾಲದಲ್ಲಿ ಲೂಪು ಮುಚ್ಚುತ್ತಿದ್ದದ್ದು ಖಾಕಿ ತೊಟ್ಟ ಮನುಷ್ಯ, ಸೈಕಲ್ ಮೇಲೆ.

2025ರ ಸೆಪ್ಟೆಂಬರ್ 27ರಂದು ಬಿಎಸ್ಸೆನ್ನೆಲ್‌ನ ಸ್ವದೇಶಿ 4ಜಿ ಉದ್ಘಾಟನೆಯಾದಾಗ ಹೇಳಿದ ಸಂಖ್ಯೆ 97,500 ಟವರುಗಳು. ಅದರ ರೇಡಿಯೊ ಉಪಕರಣ ಎಲೆಕ್ಟ್ರಾನಿಕ್ ಸಿಟಿಯ ತೇಜಸ್ ನೆಟ್‌ವರ್ಕ್ಸ್‌ನದು, ಕೋರ್ ಸಾಫ್ಟ್‌ವೇರ್ ಸಿ-ಡಾಟ್‌ನದು, ಜೋಡಣೆ ಟಿಸಿಎಸ್‌ನದು. ಖಾಸಗಿ ಕಂಪನಿಗಳ ಟವರುಗಳನ್ನೂ ಸೇರಿಸಿದರೆ ದೇಶದ ಲೆಕ್ಕ ಲಕ್ಷಗಳಲ್ಲಿ. ಪ್ರತಿ ಟವರಿನಲ್ಲೂ ತಿರುಗಿಸಬಹುದಾದ ಸೆಟ್ಟಿಂಗುಗಳು ನೂರಾರು, ಅದು ಕಳಿಸುವ ಅಳತೆಗಳು ನಿರಂತರ. ಇದಕ್ಕೆಲ್ಲ ಸೈಕಲ್ ಸಾಲದು.

ಇನ್ನೊಂದು ಬದಲಾವಣೆಯೂ ಆಯಿತು. ಹಿಂದೆ ಫೈರ್‌ವಾಲ್ ಎಂದರೆ ಒಂದು ಪೆಟ್ಟಿಗೆ, ರೂಟರ್ ಎಂದರೆ ಇನ್ನೊಂದು. ಕಳೆದ ಹದಿನೈದು ವರ್ಷಗಳಲ್ಲಿ ಇವುಗಳಲ್ಲಿ ಬಹಳಷ್ಟು ಸಾಮಾನ್ಯ ಸರ್ವರುಗಳ ಮೇಲೆ ಓಡುವ ಪ್ರೋಗ್ರಾಮುಗಳಾದವು. ಪ್ರೋಗ್ರಾಮನ್ನು ಹುಟ್ಟಿಸಬಹುದು, ಹತ್ತು ಪ್ರತಿ ಮಾಡಬಹುದು, ಬೇರೆ ಊರಿನ ಸರ್ವರಿಗೆ ಸಾಗಿಸಬಹುದು, ಅಳಿಸಬಹುದು, ಕುರ್ಚಿಯಿಂದ ಏಳದೆ. ಯಾವುದನ್ನು ಎಲ್ಲಿ, ಯಾವಾಗ, ಯಾವ ಕ್ರಮದಲ್ಲಿ ಎಬ್ಬಿಸಬೇಕು, ಯಾವುದಕ್ಕೆ ಯಾವುದನ್ನು ಜೋಡಿಸಬೇಕು ಎಂದು ನೋಡಿಕೊಳ್ಳುವ ಸಾಫ್ಟ್‌ವೇರಿನ ಕೆಲಸಕ್ಕೆ ಆರ್ಕೆಸ್ಟ್ರೇಷನ್ ಎಂದು ಹೆಸರು. ಹೆಸರು ಚೆನ್ನಾಗಿದೆ. ಕೆಲಸ ಮಾತ್ರ ಸಂಗೀತ ಕಛೇರಿ ನಡೆಸುವುದಕ್ಕಿಂತ ಮದುವೆ ಮನೆಯ ಉಗ್ರಾಣ ನೋಡಿಕೊಳ್ಳುವುದಕ್ಕೆ ಹತ್ತಿರ.

ಅಮೆರಿಕದ ಎಟಿ&ಟಿ ಕಂಪನಿ ತನ್ನ ಜಾಲದ ಮುಕ್ಕಾಲು ಪಾಲನ್ನು 2020ರ ಹೊತ್ತಿಗೆ ಹೀಗೆ ಸಾಫ್ಟ್‌ವೇರ್ ಮಾಡುವುದಾಗಿ ಸಾರಿ, ಅದಕ್ಕೆಂದು ಇಕಾಂಪ್ ಎಂಬ ದೊಡ್ಡ ವ್ಯವಸ್ಥೆ ಕಟ್ಟಿಕೊಂಡಿತ್ತು. 2017ರ ಫೆಬ್ರವರಿಯಲ್ಲಿ ಅದೂ, ಚೈನಾ ಮೊಬೈಲ್ ಮೊದಲಾದವರ ಓಪನ್-ಓ ಎಂಬುದೂ ಕೂಡಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಓನ್ಯಾಪ್ ಆಯಿತು. ಕೋಡು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಸದಸ್ಯರಲ್ಲಿ ಟೆಕ್ ಮಹೀಂದ್ರ, ರಿಲಯನ್ಸ್ ಜಿಯೋ ಇದ್ದವು. ಕೋಡು ಬರೆದವರಲ್ಲಿ ಬೆಂಗಳೂರಿನ ಇಂಜಿನಿಯರುಗಳೂ ಇದ್ದರು. ಮೊದಲ ಆವೃತ್ತಿ ಆಮ್‌ಸ್ಟರ್‌ಡ್ಯಾಂ, 2017ರ ನವೆಂಬರ್. ಆಮೇಲೆ ಬೀಜಿಂಗ್, ಕಾಸಾಬ್ಲಾಂಕಾ, ಡಬ್ಲಿನ್ ಎಂದು ಅಕ್ಷರಮಾಲೆಯ ಕ್ರಮದಲ್ಲಿ ಊರುಗಳ ಹೆಸರು. ಈ ಅಧ್ಯಾಯದಲ್ಲಿ ನಾನು ಓನ್ಯಾಪ್ ಹಿಡಿದುಕೊಂಡೇ ಮಾತಾಡುವುದು ಅದು ಜಗತ್ತನ್ನು ಗೆದ್ದಿದೆ ಎಂದಲ್ಲ. ಒಳಗನ್ನು ಬಿಚ್ಚಿ ನೋಡಲು ಬಿಡುವ ವ್ಯವಸ್ಥೆ ಅದು ಎಂಬುದಕ್ಕೆ. ಕಂಪನಿಗಳು ಮಾರುವ ಆರ್ಕೆಸ್ಟ್ರೇಟರುಗಳ ಒಳಗನ್ನು ಅವರ ಮಾರಾಟದವರೂ ನೋಡಿರುವುದಿಲ್ಲ.

ಅದರ ಅತಿ ಸರಳ ಪ್ರಾತ್ಯಕ್ಷಿಕೆಯಲ್ಲಿ ಮೂರು ಪ್ರೋಗ್ರಾಮುಗಳಿವೆ. ಒಂದು ಪ್ಯಾಕೆಟ್ಟುಗಳನ್ನು ಉತ್ಪಾದಿಸುತ್ತದೆ, ನಡುವೆ ಒಂದು ಫೈರ್‌ವಾಲ್, ಆಚೆ ಪ್ಯಾಕೆಟ್ಟುಗಳನ್ನು ನುಂಗುವ ಇನ್ನೊಂದು. ಉತ್ಪಾದಕ ಸ್ವಲ್ಪ ಹೊತ್ತು ಅತಿಯಾಗಿ, ಸ್ವಲ್ಪ ಹೊತ್ತು ತೀರಾ ಕಡಿಮೆಯಾಗಿ ಪ್ಯಾಕೆಟ್ ಬಿಡುತ್ತದೆ. ಫೈರ್‌ವಾಲ್ ಹತ್ತು ಸೆಕೆಂಡಿಗೊಮ್ಮೆ ತನಗೆ ಬಂದ ಪ್ಯಾಕೆಟ್ಟುಗಳ ಲೆಕ್ಕವನ್ನು ಮೇಲಕ್ಕೆ ಕಳಿಸುತ್ತದೆ. ಅಲ್ಲಿ ವಿಶ್ಲೇಷಣೆಯ ಭಾಗ ಎರಡು ಮಿತಿಗಳನ್ನು ಹಿಡಿದು ಕೂತಿದೆ, 300 ಮತ್ತು 700. ಲೆಕ್ಕ ಇವುಗಳಾಚೆ ಹೋದರೆ ಎಚ್ಚರಿಕೆ ಹೊರಡುತ್ತದೆ. ಪಾಲಿಸಿ ಎಂಬ ಭಾಗ ಆ ಎಚ್ಚರಿಕೆ ಓದಿ, ಈಗ ಏನು ಮಾಡಬೇಕೆಂದು ನಿಯಮ ನೋಡಿ, ನಿಯಂತ್ರಕಕ್ಕೆ ಆಜ್ಞೆ ಕೊಡುತ್ತದೆ. ನಿಯಂತ್ರಕವು ಉತ್ಪಾದಕ ಬಿಡುವ ಪ್ಯಾಕೆಟ್ ಹೊಳೆಗಳ ಸಂಖ್ಯೆಯನ್ನು ಐದಕ್ಕೆ ತಂದು ನಿಲ್ಲಿಸುತ್ತದೆ. ಮುಂದಿನ ಲೆಕ್ಕದಲ್ಲಿ ಪ್ಯಾಕೆಟ್ಟುಗಳು ಮಿತಿಗಳ ನಡುವೆ. ಎಚ್ಚರಿಕೆ ರದ್ದು.

ಅಳೆಯುವವನು, ತೀರ್ಮಾನಿಸುವವನು, ಮಾಡುವವನು ಇಲ್ಲಿ ಬೇರೆ ಬೇರೆ. ನೀರಗಂಟಿ ಒಬ್ಬನೇ ಮಾಡುತ್ತಿದ್ದುದನ್ನು ಮೂವರಿಗೆ ಹಂಚಿದ್ದಾರೆ. ಇದರ ಲಾಭ ದೊಡ್ಡದು: ಮಿತಿಯನ್ನು 700ರಿಂದ 800ಕ್ಕೆ ಏರಿಸಲು ಕೋಡು ಮುಟ್ಟಬೇಕಿಲ್ಲ. ನಷ್ಟವೂ ದೊಡ್ಡದು. ಅಳತೆ ಹೊರಟ ಗಳಿಗೆಗೂ ಕೈ ತಾಗಿದ ಗಳಿಗೆಗೂ ನಡುವೆ ಸಮಯ ಸೋರುತ್ತದೆ.

ತಡವೇ ವೈರಿ

ಫಲವನ್ನು ಮತ್ತೆ ಒಳಕ್ಕೆ ತರುವ ಈ ಫೀಡ್‌ಬ್ಯಾಕಿನ ಗಣಿತ ಬೆಳೆದದ್ದು ದೂರವಾಣಿಯ ತಂತಿಗಳ ಮೇಲೆಯೇ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಉಗಿಯಂತ್ರದ ಗವರ್ನರ್ ಕುರಿತು ಮ್ಯಾಕ್ಸ್‌ವೆಲ್ 1868ರಲ್ಲೇ ಬರೆದಿದ್ದ. ಆದರೆ ಈ ವಿದ್ಯೆಗೆ ಹಲ್ಲು ಬಂದದ್ದು ಬೆಲ್ ಲ್ಯಾಬ್ಸಿನಲ್ಲಿ. ದೂರದ ಕರೆಗಳಿಗೆ ದಾರಿಯುದ್ದಕ್ಕೂ ಆಂಪ್ಲಿಫೈಯರುಗಳು ಬೇಕು. ಪ್ರತಿಯೊಂದೂ ದನಿಯನ್ನು ಇಷ್ಟಿಷ್ಟೇ ಕೆಡಿಸುತ್ತದೆ. 1927ರ ಆಗಸ್ಟ್ 2ರ ಬೆಳಗ್ಗೆ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೊರಟಿದ್ದ ಹ್ಯಾರೊಲ್ಡ್ ಬ್ಲ್ಯಾಕ್ ಎಂಬ ಇಂಜಿನಿಯರಿಗೆ, ಹೊರಬಂದ ದನಿಯ ಒಂದಂಶವನ್ನು ತಿರುಗಿಸಿ ಒಳಗೆ ಬಿಟ್ಟು ದೋಷವನ್ನು ಕಳೆಯಬಹುದೆಂದು ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಖಾಲಿ ಜಾಗದಲ್ಲೇ ಸಮೀಕರಣ ಬರೆದ. ಪೇಟೆಂಟ್ ಕಚೇರಿ ನಂಬಲು ಒಂಬತ್ತು ವರ್ಷ ತೆಗೆದುಕೊಂಡಿತು.

ನಂಬದಿರಲು ಕಾರಣವಿತ್ತು. ತಿರುಗಿ ಒಳಬರುವ ದನಿ ತಡವಾದರೆ ಅದು ದೋಷವನ್ನು ಕಳೆಯುವ ಬದಲು ಅದಕ್ಕೇ ಸೇರುತ್ತದೆ. ಆಗ ಆಂಪ್ಲಿಫೈಯರ್ ಸಿಳ್ಳೆ ಹಾಕತೊಡಗುತ್ತದೆ. ಸಭಾಂಗಣದಲ್ಲಿ ಮೈಕು ಸ್ಪೀಕರಿನ ಎದುರಿಗೆ ಬಂದಾಗ ಕಿವಿ ಮುಚ್ಚಿಕೊಳ್ಳುತ್ತೇವಲ್ಲ, ಅದೇ. ಎಷ್ಟು ತಡ, ಎಷ್ಟು ಜೋರು ಆದರೆ ಸಿಳ್ಳೆ ಹುಟ್ಟುತ್ತದೆಂಬ ಲೆಕ್ಕವನ್ನು 1932ರಲ್ಲಿ ಕೊಟ್ಟವನು ಹ್ಯಾರಿ ನೈಕ್ವಿಸ್ಟ್ ಎಂಬ ಇಂಜಿನಿಯರ್.

ಈಗಿನ ಜಾಲಗಳ ಸಿಳ್ಳೆ ಕಿವಿಗೆ ಕೇಳುವುದಿಲ್ಲ. ಒಂದು ಸೇವೆಯ ಮೇಲೆ ಹೊರೆ ಹೆಚ್ಚಿತೆಂದು ಲೂಪು ಹೊಸ ಸರ್ವರ್ ಎಬ್ಬಿಸುತ್ತದೆ. ಅದು ಎದ್ದು ಕೆಲಸ ಶುರು ಮಾಡಲು ಎರಡು ನಿಮಿಷ ಬೇಕು. ಅಷ್ಟರಲ್ಲಿ ಇನ್ನೂ ಹನ್ನೆರಡು ಅಳತೆಗಳು ಬಂದು, ಹನ್ನೆರಡೂ ಹೊರೆ ಹೆಚ್ಚಿದೆ ಎನ್ನುತ್ತವೆ. ಬೆಪ್ಪು ಲೂಪು ಹನ್ನೆರಡು ಸಲ ಸರ್ವರ್ ಎಬ್ಬಿಸುತ್ತದೆ. ಎಲ್ಲವೂ ಒಟ್ಟಿಗೆ ಎದ್ದಾಗ ಹೊರೆ ನೆಲ ಕಚ್ಚುತ್ತದೆ; ಲೂಪು ಎಲ್ಲವನ್ನೂ ಕೊಲ್ಲುತ್ತದೆ; ಹೊರೆ ಮತ್ತೆ ಏರುತ್ತದೆ. ಮಾಡಿದ ಕೆಲಸದ ಫಲ ಕಾಣುವವರೆಗೆ ಸುಮ್ಮನಿರುವುದನ್ನು ಯಂತ್ರಕ್ಕೆ ಬೇರೆಯಾಗಿಯೇ ಕಲಿಸಬೇಕು. ನೀರಗಂಟಿಗೆ ಅದನ್ನು ಕಾಲುವೆಯುದ್ದದ ನಡಿಗೆಯೇ ಕಲಿಸುತ್ತಿತ್ತು.

ಆದ್ದರಿಂದ ವೇಗದ ಲೂಪು ಹತ್ತಿರದಲ್ಲಿ, ನಿಧಾನದ ಲೂಪು ದೂರದಲ್ಲಿ ಎಂಬುದು ಈ ಕ್ಷೇತ್ರದ ಮೊದಲ ಪಾಠ. 2018ರಲ್ಲಿ ಶುರುವಾದ ಓ-ರಾನ್ ಒಕ್ಕೂಟ ಮೊಬೈಲ್ ಟವರಿನ ನಿಯಂತ್ರಣವನ್ನು ಕಾಲಕ್ಕೆ ತಕ್ಕಂತೆ ಮೂರು ಅಂತಸ್ತು ಮಾಡಿದೆ: ಹತ್ತು ಮಿಲಿಸೆಕೆಂಡಿಗಿಂತ ಕಡಿಮೆಯದು ಟವರಿನಲ್ಲೇ, ಹತ್ತು ಮಿಲಿಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನದು ಸಮೀಪದ ಒಂದು ನಿಯಂತ್ರಕದಲ್ಲಿ, ಅದಕ್ಕೂ ಮೀರಿದ್ದು ದೂರದ ಡೇಟಾ ಸೆಂಟರಿನಲ್ಲಿ. ಮೇಲಿನ ಅಂತಸ್ತು ಕೆಳಗಿನದಕ್ಕೆ ಗುರಿ ಮಾತ್ರ ಹೇಳಬೇಕು, ಕೈ ಹಿಡಿದು ಬರೆಸಬಾರದು. ನಮ್ಮ ಸರ್ಕಾರಿ ಇಲಾಖೆಗಳೂ ಇದನ್ನು ಕಲಿತಿದ್ದರೆ ಚೆನ್ನಾಗಿತ್ತು, ಅದು ಬೇರೆ ಪುಸ್ತಕದ ವಿಷಯ.

ಒಂದೇ ತಿರುಪಿಗೆ ಎರಡು ಕೈ

ಸಂಜೆ ಏಳು ಗಂಟೆ. ವೈಟ್‌ಫೀಲ್ಡ್ ಕಡೆಯಿಂದ ಗುಂಜೂರು, ಸರ್ಜಾಪುರದ ಕಡೆಗೆ ಹೊರಟ ಬಸ್ಸು, ಕ್ಯಾಬು, ಬೈಕುಗಳೆಲ್ಲ ವರ್ತೂರು ಕೋಡಿಯಲ್ಲಿ ನಿಂತಿವೆ ಎಂದುಕೊಳ್ಳಿ. ಊಹೆಗೆ ಹೆಚ್ಚು ಶ್ರಮ ಬೇಡ. ನಿಂತವರೆಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ವಿಡಿಯೊ. ಹತ್ತಿರದ ಟವರ್ ತುಂಬಿ ತುಳುಕುತ್ತಿದೆ. ತುಸು ದೂರದ ಇನ್ನೊಂದು ಖಾಲಿ ಇದೆ.

ಫೋನು ಒಂದು ಟವರನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ಪಕ್ಕದ ಟವರಿನ ಸಿಗ್ನಲ್ ಎಷ್ಟು ಬಲವಾದರೆ ಹಾರಬೇಕು ಎಂಬುದನ್ನು ಒಂದು ಸೆಟ್ಟಿಂಗ್ ನಿರ್ಧರಿಸುತ್ತದೆ. ಹೊರೆ ಹಂಚುವ ಲೂಪು ಆ ಸೆಟ್ಟಿಂಗನ್ನು ಸಡಿಲಿಸುತ್ತದೆ: ಬೇಗ ಹಾರಿ, ಆಚೆ ಜಾಗ ಇದೆ. ಹಾರಿದ ಕೆಲವರಿಗೆ ಅಲ್ಲಿ ಸಿಗ್ನಲ್ ಸಾಲದೆ ಕರೆ ಕಡಿದುಹೋಗುತ್ತದೆ. ಆಗ ಎರಡನೆಯ ಲೂಪು ಎಚ್ಚರಗೊಳ್ಳುತ್ತದೆ. ಹ್ಯಾಂಡೋವರ್ ಕೆಡದಂತೆ ನೋಡಿಕೊಳ್ಳುವುದು ಅದರ ಕೆಲಸ. ಬೇಗ ಹಾರಿದ್ದರಿಂದ ಕರೆ ಕಡಿಯಿತೆಂದು ಅದು ಸರಿಯಾಗಿಯೇ ಗುರುತಿಸಿ, ಅದೇ ಸೆಟ್ಟಿಂಗನ್ನು ಬಿಗಿ ಮಾಡುತ್ತದೆ. ಜನ ಹಿಂದಿರುಗುತ್ತಾರೆ. ಟವರ್ ಮತ್ತೆ ತುಂಬುತ್ತದೆ. ಮೊದಲನೆಯ ಲೂಪು ಮತ್ತೆ ಸಡಿಲಿಸುತ್ತದೆ.

ಎರಡೂ ಲೂಪುಗಳು ಮೊಬೈಲ್ ಜಾಲಗಳ 3ಜಿಪಿಪಿ ಮಾನದಂಡಗಳಲ್ಲಿ ಇರುವಂಥವೇ; ಇವುಗಳ ಜಗಳ ಈ ಕ್ಷೇತ್ರದ ಪಠ್ಯಪುಸ್ತಕಗಳಲ್ಲಿ ಬರುವ ಹಳೆಯ ಉದಾಹರಣೆ. ನನ್ನನ್ನು ಕಾಡುವುದು ಜಗಳವಲ್ಲ, ಅದರ ವರದಿ. ಹೊರೆ ಹಂಚುವ ಲೂಪಿನ ದಿನಚರಿ ತೆಗೆದರೆ ಪ್ರತಿ ಸಲವೂ ಗೆಲುವು: ಹೊರೆ ಹೆಚ್ಚಿತ್ತು, ಕ್ರಮ ಕೈಗೊಂಡೆ, ಇಳಿಯಿತು. ಇನ್ನೊಂದರ ದಿನಚರಿಯೂ ಹಾಗೆಯೇ. ಸೋತವನು ಬಸ್ಸಿನಲ್ಲಿ ನಿಂತು ಹಲೋ ಹಲೋ ಎನ್ನುತ್ತಿರುವ ಮನುಷ್ಯ. ಅವನು ಯಾವ ದಿನಚರಿಯಲ್ಲೂ ಇಲ್ಲ.

ಇದಕ್ಕೆ ಮೂರನೆಯ ಲೂಪನ್ನೂ ಸೇರಿಸಿ. ವಿದ್ಯುತ್ ಉಳಿಸುವ ಲೂಪು ರಾತ್ರಿ ಹನ್ನೊಂದರ ಮೇಲೆ ಹೆಚ್ಚುವರಿ ರೇಡಿಯೊಗಳನ್ನು ಮಲಗಿಸುತ್ತದೆ. ಬೇರೆ ಊರಿನಲ್ಲಿ ಜಾಣತನ. ಅಮೆರಿಕದ ಹಗಲಿಗೆ ಎದ್ದಿರುವ ಈ ಸೀಮೆಯಲ್ಲಿ ಆಗ ಮೀಟಿಂಗುಗಳ ಹೊತ್ತು.

ಹುಟ್ಟು, ಕೆಲಸ, ವಿರಾಮ, ನಿವೃತ್ತಿ

ಹೀಗೆ ಲೂಪುಗಳು ಹೆಚ್ಚಿದಾಗ ಅವನ್ನು ನೋಡಿಕೊಳ್ಳಲು ಇನ್ನೊಂದು ಸಾಫ್ಟ್‌ವೇರ್ ಬೇಕಾಯಿತು. ಓನ್ಯಾಪ್‌ನಲ್ಲಿ ಅದಕ್ಕೆ ಕ್ಲ್ಯಾಂಪ್ ಎಂದು ಹೆಸರಿಟ್ಟರು. ಆರಂಭದಲ್ಲಿ ಅದು ಬೇರೆಯ ಯೋಜನೆ, ಆಮೇಲೆ ಪಾಲಿಸಿ ಯೋಜನೆಯೊಳಗೆ ಸೇರಿತು. ಕ್ಲ್ಯಾಂಪ್ ಜಾಲವನ್ನು ನಿಯಂತ್ರಿಸುವುದಿಲ್ಲ. ಜಾಲವನ್ನು ನಿಯಂತ್ರಿಸುವ ಲೂಪುಗಳ ಜಾತಕ ಬರೆದಿಡುವುದು, ಅವನ್ನು ಹುಟ್ಟಿಸುವುದು, ನಿಲ್ಲಿಸುವುದು, ಅಳಿಸುವುದು ಅದರ ಕೆಲಸ.

ಜಾತಕವನ್ನು ಟೋಸ್ಕಾ ಎಂಬ ವಿವರಣಾ ಭಾಷೆಯಲ್ಲಿ ಬರೆಯುತ್ತಾರೆ. ಇದು ಪ್ರೋಗ್ರಾಂ ಅಲ್ಲ, ಪಟ್ಟಿ: ಈ ಲೂಪಿನಲ್ಲಿ ಇಂತಿಂಥ ಅಂಗಗಳಿವೆ, ಒಂದು ಅಳೆಯುತ್ತದೆ, ಒಂದು ತೀರ್ಮಾನಿಸುತ್ತದೆ, ಒಂದು ಕ್ರಮ ಕೈಗೊಳ್ಳುತ್ತದೆ, ಇವಕ್ಕೆ ಬೇಕಾದ ಸೆಟ್ಟಿಂಗುಗಳು ಇಂಥವು. ಈ ಪಟ್ಟಿಯನ್ನು ವ್ಯವಸ್ಥೆಗೆ ಒಪ್ಪಿಸುವುದು ಮೊದಲ ಹೆಜ್ಜೆ. ಆಗಿನ್ನೂ ಏನೂ ಓಡುವುದಿಲ್ಲ. ಒಂದೇ ಪಟ್ಟಿಯಿಂದ ವರ್ತೂರಿಗೊಂದು, ಪೀಣ್ಯಕ್ಕೊಂದು ಲೂಪು ಮಾಡಬಹುದು. ಮಿತಿಗಳನ್ನು ಆಯಾ ಊರಿಗೆ ತಕ್ಕಂತೆ ತುಂಬಿದರಾಯಿತು. ಪೀಣ್ಯದಲ್ಲಿ ಪಾಳಿ ಬದಲಾಗುವ ಹೊತ್ತೇ ಬೇರೆ, ಇಲ್ಲಿ ಕಚೇರಿ ಬಿಡುವ ಹೊತ್ತೇ ಬೇರೆ.

ಲೂಪಿನ ಅಂಗಗಳು ಒಂದೇ ಜಾತಿಯವಲ್ಲ. ಅಳೆಯುವ ಅಂಗ, ಪ್ರೋಗ್ರಾಮುಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್ ಎಂಬ ವ್ಯವಸ್ಥೆಯ ಮೇಲೆ ಓಡುವ ಸಣ್ಣ ಪ್ರೋಗ್ರಾಂ ಆಗಿರಬಹುದು. ತೀರ್ಮಾನದ ಅಂಗ ಪಾಲಿಸಿ ಇಂಜಿನ್ನಿನಲ್ಲಿ ಕೂರುವ ನಿಯಮ. ಕ್ರಮದ ಅಂಗ ಯಾವುದೋ ಉಪಕರಣಕ್ಕೆ ಕಳಿಸುವ ವೆಬ್ ಕೋರಿಕೆ. ಎಲ್ಲದರ ಭಾಷೆಯನ್ನೂ ಕ್ಲ್ಯಾಂಪ್ ತಾನೇ ಕಲಿಯಹೊರಟರೆ ಮುಗಿಯಿತು, ಎರಡೇ ವರ್ಷದಲ್ಲಿ ಯಾರೂ ಮುಟ್ಟಲಾಗದ ಕೋಡಾಗುತ್ತದೆ. ಅದಕ್ಕೆ ಅವರು ಕಂಡುಕೊಂಡ ದಾರಿ ಪಾರ್ಟಿಸಿಪೆಂಟ್ ಎಂಬ ಮಧ್ಯವರ್ತಿ. ಕುಬರ್ನೆಟೀಸಿಗೊಬ್ಬ ಮಧ್ಯವರ್ತಿ, ಪಾಲಿಸಿಗೊಬ್ಬ, ವೆಬ್ ಕೋರಿಕೆಗೊಬ್ಬ. ಕ್ಲ್ಯಾಂಪಿನ ನಡುಮನೆಯಿಂದ ಸಂದೇಶ ಹೊರಡುತ್ತದೆ: ನಿನ್ನ ಪಾಲಿನ ಅಂಗವನ್ನು ಎಬ್ಬಿಸು. ಹೇಗೆ ಎಬ್ಬಿಸಬೇಕೆಂಬುದು ಮಧ್ಯವರ್ತಿಗೆ ಗೊತ್ತು. ಸಂದೇಶಗಳು ಕಾಫ್ಕಾ ಎಂಬ ಸಾಫ್ಟ್‌ವೇರಿನಂಥ ಸರತಿಯ ಮೂಲಕ ಹೋಗುತ್ತವೆ, ಆದ್ದರಿಂದ ಒಬ್ಬ ಸ್ವಲ್ಪ ಹೊತ್ತು ಮಲಗಿದ್ದರೂ ಎದ್ದ ಮೇಲೆ ಓದಿಕೊಳ್ಳಬಹುದು. ಮಧ್ಯವರ್ತಿಗಳು ಆಗಾಗ ತಾವು ಬದುಕಿರುವುದಾಗಿಯೂ ತಮ್ಮ ಅಂಗಗಳ ಸ್ಥಿತಿ ಇಂತಿದೆ ಎಂದೂ ವರದಿ ಕಳಿಸುತ್ತಿರಬೇಕು. ಹೊಸ ಬಗೆಯ ಉಪಕರಣ ಬಂದರೆ ಹೊಸ ಮಧ್ಯವರ್ತಿ ಬರೆದರಾಯಿತು, ನಡುಮನೆಗೆ ಕೈ ಹಚ್ಚಬೇಕಿಲ್ಲ. ಈ ವಿನ್ಯಾಸದಲ್ಲಿ ನನಗೆ ಅತಿ ಮೆಚ್ಚುಗೆಯಾದ ಭಾಗ ಇದು.

2021ರ ಸುಮಾರಿನ ಆವೃತ್ತಿಗಳಲ್ಲಿ ಪ್ರತಿ ಲೂಪಿಗೂ ಮೂರು ಸ್ಥಿತಿಗಳಿದ್ದವು. ಹುಟ್ಟಿಲ್ಲದ್ದು, ನಿಷ್ಕ್ರಿಯ, ಓಡುತ್ತಿರುವುದು. ನಡುವಿನದನ್ನು ಗಮನಿಸಿ. ಅಂಗಗಳೆಲ್ಲ ಜಾಗಕ್ಕೆ ಬಂದು ಕೂತಿವೆ, ಆದರೆ ಕೆಲಸಕ್ಕೆ ಇಳಿದಿಲ್ಲ. ಓಡುತ್ತಿರುವ ಲೂಪನ್ನು ನೇರವಾಗಿ ಅಳಿಸುವಂತಿಲ್ಲ. ಮೊದಲು ನಿಷ್ಕ್ರಿಯ ಮಾಡಬೇಕು, ಆಮೇಲೆ ಬಿಚ್ಚಬೇಕು, ಆಮೇಲೆ ಅಳಿಸಬೇಕು. ನಿಧಾನದ ದಾರಿಯೆಂದು ಗೊಣಗುವವರಿದ್ದಾರೆ. ತೀರ್ಮಾನಿಸುವ ಅಂಗ ಅಳಿದು, ಕ್ರಮ ಕೈಗೊಳ್ಳುವ ಅಂಗ ಹಳೆಯ ಆಜ್ಞೆ ಹಿಡಿದುಕೊಂಡು ಓಡುತ್ತಿರುವುದನ್ನು ಕಂಡವರು ಗೊಣಗುವುದಿಲ್ಲ. ಮುಂದೆ ಜಕಾರ್ತ ಆವೃತ್ತಿಯಲ್ಲಿ ಇದೆಲ್ಲದರ ಹೆಸರನ್ನು ಆಟೋಮೇಷನ್ ಕಾಂಪೋಸಿಷನ್ ಎಂದು ಬದಲಿಸಿದರು.

ಇನ್ನು ಲಗಾಮು. ಪಾಲಿಸಿ ಭಾಗದಲ್ಲಿ ಗಾರ್ಡ್ ಎಂಬ ನಿಯಮಗಳಿವೆ. ಲೂಪು ಕ್ರಮ ಕೈಗೊಳ್ಳುವ ಮುನ್ನ ಗಾರ್ಡಿನ ಅನುಮತಿ ಕೇಳಬೇಕು. ಒಂದು ಗಾರ್ಡ್ ಎಣಿಕೆ ಇಡುತ್ತದೆ: ಇಷ್ಟು ಹೊತ್ತಿನಲ್ಲಿ ಈ ಸರ್ವರನ್ನು ಇಷ್ಟು ಸಲಕ್ಕಿಂತ ಹೆಚ್ಚು ರೀಸ್ಟಾರ್ಟ್ ಮಾಡುವಂತಿಲ್ಲ. ಇನ್ನೊಂದು ಕನಿಷ್ಠ ಗರಿಷ್ಠ ನೋಡುತ್ತದೆ. ಮತ್ತೊಂದರ ಬಳಿ ಮುಟ್ಟಬಾರದ ಉಪಕರಣಗಳ ಪಟ್ಟಿ ಇದೆ. ಎಣಿಕೆಯ ಗಾರ್ಡಿಗೆ ಆಧಾರ ಹಿಂದೆ ನಡೆದ ಕ್ರಮಗಳ ದಾಖಲೆ. ದಾಖಲೆ ಇಲ್ಲದ ಲೂಪಿಗೆ ಅಂಥ ಗಾರ್ಡ್ ಹಾಕಲಾಗದು. ಒಂದು ಲೂಪು ಒಂದು ಉಪಕರಣದ ಮೇಲೆ ಕೆಲಸ ಮಾಡುತ್ತಿರುವಾಗ ಇನ್ನೊಂದು ಕಾಯಬೇಕು ಎಂಬ ಹೊಂದಾಣಿಕೆಯ ನಿಯಮಗಳೂ ಆಮೇಲೆ ಬಂದವು. ಕೋಡಿಯ ಆ ಎರಡು ಲೂಪುಗಳಿಗೆ ಬೇಕಾದದ್ದು ಇಂಥದ್ದು: ತಿರುಪಿಗೆ ಕೈ ಹಾಕುವ ಮುನ್ನ, ಇದನ್ನು ಈಗಷ್ಟೇ ಯಾರು ತಿರುಗಿಸಿದರು ಎಂದು ಕೇಳುವ ಒಂದು ಜಾಗ.

ಆದರೂ ಎಲ್ಲ ಜಗಳಗಳೂ ಹೀಗೆ ಬಗೆಹರಿಯುವುದಿಲ್ಲ. ಇಬ್ಬರೂ ಒಂದೇ ತಿರುಪಿಗೆ ಕೈ ಹಾಕಿದರೆ ಹಿಡಿಯಬಹುದು. ಒಬ್ಬ ಒಂದು ಟವರಿನ ಆಂಟೆನಾ ಬಾಗಿಸಿ, ಇನ್ನೊಬ್ಬ ಪಕ್ಕದ ಟವರಿನ ಶಕ್ತಿ ಏರಿಸಿದರೆ ಮುಟ್ಟಿದ ತಿರುಪುಗಳು ಬೇರೆ, ಕೆಡುವ ಜಾಗ ಒಂದೇ. ಇದನ್ನು ಮೊದಲೇ ಹಿಡಿಯುವುದು ಇನ್ನೂ ಸಂಶೋಧನೆಯ ವಿಷಯ.

ಲಗಾಮು ಕೈಗೆ ಸಿಗದ ದಿನ

2021ರ ಅಕ್ಟೋಬರ್ 4, ರಾತ್ರಿ ಒಂಬತ್ತು ದಾಟಿತ್ತು. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಒಟ್ಟಿಗೆ ಸತ್ತವು. ಕಂಪನಿಯ ಡೇಟಾ ಸೆಂಟರುಗಳನ್ನು ಜೋಡಿಸುವ ಬೆನ್ನೆಲುಬಿನ ಜಾಲದ ಸಾಮರ್ಥ್ಯ ನೋಡಲೆಂದು ಕೊಟ್ಟ ಆಜ್ಞೆಯೊಂದು ಆ ಜಾಲವನ್ನೇ ಕಡಿದುಹಾಕಿತು. ಇಂಥ ಆಜ್ಞೆಗಳನ್ನು ತಡೆಯಬೇಕಾದ ತಪಾಸಣಾ ಸಾಧನದಲ್ಲಿ ದೋಷವಿತ್ತು. ಕಥೆಯ ಮುಖ್ಯ ಭಾಗ ಆಮೇಲೆ ಬರುತ್ತದೆ. ಕಂಪನಿಯ ಹೆಸರನ್ನು ವಿಳಾ­ಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಸರ್ವರುಗಳಿಗೆ ಒಂದು ಸ್ವಯಂಚಾಲಿತ ನಿಯಮವಿತ್ತು: ಡೇಟಾ ಸೆಂಟರಿನ ಸಂಪರ್ಕ ತಪ್ಪಿದರೆ ತನ್ನಲ್ಲೇ ಏನೋ ಕೆಟ್ಟಿದೆ ಎಂದು ತಿಳಿದು, ತನ್ನ ದಾರಿಯನ್ನು ಇಂಟರ್ನೆಟ್ಟಿನಿಂದ ಹಿಂತೆಗೆದುಕೊಳ್ಳಬೇಕು. ಒಂದು ಸರ್ವರ್ ಕೆಟ್ಟಾಗ ಇದು ಒಳ್ಳೆಯ ನಿಯಮ. ಅವತ್ತು ಎಲ್ಲ ಸರ್ವರುಗಳಿಗೂ ಒಟ್ಟಿಗೆ ಸಂಪರ್ಕ ತಪ್ಪಿತ್ತು. ಎಲ್ಲವೂ ನಿಯಮ ಪಾಲಿಸಿದವು. ಇಂಟರ್ನೆಟ್ಟಿನ ಪಾಲಿಗೆ ಫೇಸ್‌ಬುಕ್ ಎಂಬುದೇ ಇಲ್ಲವಾಯಿತು, ರಿಪೇರಿಗೆ ಬೇಕಾದ ಒಳಗಿನ ಸಾಧನಗಳೂ ಅದೇ ದಾರಿಯಲ್ಲಿ ಹೋದವು. ಸುಮಾರು ಆರು ಗಂಟೆ. ಎಷ್ಟು ಜನ ಒಟ್ಟಿಗೆ ಹಿಂದೆ ಸರಿಯಬಹುದು ಎಂಬ ಒಂದು ಗಾರ್ಡ್ ಅಲ್ಲಿ ಇರಲಿಲ್ಲ.

ನಾಲ್ಕು ವರ್ಷದ ಮೇಲೆ, 2025ರ ಅಕ್ಟೋಬರ್ 20ರಂದು ನಮ್ಮಲ್ಲಿ ನರಕ ಚತುರ್ದಶಿಯ ಮಧ್ಯಾಹ್ನ, ಅಮೆಜಾನಿನ ಕ್ಲೌಡ್ ಸೇವೆಯ ಸರದಿ. ಅಲ್ಲಿ ಡೈನಮೊಡಿಬಿ ಎಂಬ ಡೇಟಾಬೇಸಿನ ವಿಳಾಸಗಳನ್ನು ನೋಡಿಕೊಳ್ಳಲು ಎರಡು ಅಂಗಗಳ ವ್ಯವಸ್ಥೆ ಇತ್ತು. ಪ್ಲಾನರ್ ಯೋಜನೆ ಬರೆಯುತ್ತದೆ, ಎನಾಕ್ಟರ್ ಅದನ್ನು ಜಾರಿಗೆ ತರುತ್ತದೆ. ಒಂದು ಕೆಟ್ಟರೂ ನಡೆಯಲಿ ಎಂದು ಎನಾಕ್ಟರುಗಳು ಮೂರು, ಪರಸ್ಪರ ಮಾತಿಲ್ಲದೆ. ಅವತ್ತು ಒಂದು ಎನಾಕ್ಟರ್ ಏಕೋ ತೀರಾ ನಿಧಾನವಾಯಿತು. ಅಷ್ಟರಲ್ಲಿ ಇನ್ನೊಂದು ಹೊಸ ಯೋಜನೆ ಜಾರಿ ಮಾಡಿ ಹಳೆಯವನ್ನು ಗುಡಿಸತೊಡಗಿತು. ನಿಧಾನದವನು ತನ್ನ ಕೈಯಲ್ಲಿದ್ದುದು ಹಳೆಯದೆಂದು ತಿಳಿಯದೆ ಅದನ್ನೇ ಹೊಸದರ ಮೇಲೆ ಹೊದಿಸಿದ. ಗುಡಿಸುತ್ತಿದ್ದವನು ಅದು ಹಳೆಯದೆಂದು ಗುಡಿಸಿಬಿಟ್ಟ. ವಿಳಾಸದ ಜಾಗ ಖಾಲಿ. ಡೇಟಾಬೇಸಿನ ವಿಳಾಸ ಮರಳಿ ಬರಲು ಸುಮಾರು ಎರಡೂವರೆ ಗಂಟೆ, ಅದರ ಮೇಲೆ ನಿಂತಿದ್ದ ಸೇವೆಗಳು ಸುಧಾರಿಸಿಕೊಳ್ಳಲು ಇನ್ನೂ ಎಷ್ಟೋ ಗಂಟೆ. ಸರಿಪಡಿಸಿದ್ದು ಮನುಷ್ಯರ ಕೈ. ಅಮೆಜಾನ್ ಪ್ಲಾನರ್, ಎನಾಕ್ಟರುಗಳೆರಡನ್ನೂ ಜಗತ್ತಿನಾದ್ಯಂತ ನಿಲ್ಲಿಸಿತು.

ಎರಡೂ ಕಂಪನಿಗಳ ಬಳಿ ಹಣಕ್ಕೂ ಬುದ್ಧಿಗೂ ಕೊರತೆಯಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಅವರ ಲೂಪುಗಳಲ್ಲಿ ಯಾವುದೂ ಪೆದ್ದಲ್ಲ. ಟಿಎಂ ಫೋರಂ ಎಂಬ ಉದ್ಯಮ ಸಂಘಟನೆ ಜಾಲಗಳ ಸ್ವಾಯತ್ತತೆಯನ್ನು ಸೊನ್ನೆಯಿಂದ ಐದರವರೆಗೆ ಮಟ್ಟ ಹಾಕುತ್ತದೆ, ಆಪರೇಟರುಗಳು ನಾಲ್ಕನೆಯ ಮಟ್ಟ ಮುಟ್ಟುವುದಾಗಿ ಘೋಷಿಸುತ್ತಿದ್ದಾರೆ. ಆ ಅಳತೆಯಲ್ಲಿ ಯಂತ್ರ ತಾನಾಗಿ ಎಷ್ಟು ಮಾಡುತ್ತದೆ ಎಂಬುದಕ್ಕೇ ಮನ್ನಣೆ. ಎಷ್ಟು ಹೊತ್ತಿನಲ್ಲಿ ಅದನ್ನು ನಿಲ್ಲಿಸಬಹುದು ಎಂಬುದಕ್ಕೂ ಅಷ್ಟೇ ಅಂಕ ಕೊಟ್ಟಿದ್ದರೆ ಆ ಪಟ್ಟಿಯನ್ನು ನಾನು ಹೆಚ್ಚು ನಂಬುತ್ತಿದ್ದೆ.

ಓದುಗರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರೆ ಅವರಿಗೊಂದು ಕೆಲಸ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಪುಟ್ಟ ಕುಬರ್ನೆಟೀಸ್ ಹಾಕಿಕೊಳ್ಳಬಹುದು, ಪುಕ್ಕಟೆ. ಅದರಲ್ಲಿ ಹೊರೆಗೆ ತಕ್ಕಂತೆ ಪ್ರೋಗ್ರಾಮಿನ ಪ್ರತಿಗಳನ್ನು ಏರಿಸಿ ಇಳಿಸುವ ಲೂಪೊಂದಿದೆ. ಹದಿನೈದು ಸೆಕೆಂಡಿಗೊಮ್ಮೆ ನೋಡುತ್ತದೆ. ಹೊರೆ ಗುರಿಯಿಂದ ಹತ್ತು ಪ್ರತಿಶತದೊಳಗೆ ಆಚೀಚೆ ಇದ್ದರೆ ಸುಮ್ಮನಿರುತ್ತದೆ. ಏರಿಸಬೇಕಾದರೆ ಕಾಯುವುದಿಲ್ಲ, ಇಳಿಸಬೇಕಾದರೆ 300 ಸೆಕೆಂಡು ಕಾಯುತ್ತದೆ. ಆ 300ನ್ನು ಸೊನ್ನೆ ಮಾಡಿ. ಒಂದು ನಿಮಿಷ ಜೋರು ಹೊರೆ, ಒಂದು ನಿಮಿಷ ಬಿಡುವು, ಹೀಗೆ ಅರ್ಧ ಗಂಟೆ ಕೊಟ್ಟು ಪ್ರತಿಗಳ ಸಂಖ್ಯೆಯ ಗ್ರಾಫ್ ಬರೆಯಿರಿ. ಮತ್ತೆ 300ಕ್ಕೆ ತಂದು ಇನ್ನೊಂದು ಗ್ರಾಫ್ ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಮುಂದಿನ ಅಧ್ಯಾಯಕ್ಕೆ ಬನ್ನಿ.